ಉಪ್ಪುಗಾಳಿಗೆ ಯಾವ ಕ್ಯಾಮೆರಾ? ಹಡಗಿಗೂ ಹೊತ್ತು, ಬರಪೊಳೆಗೂ ಇಳಿಸಿ ನೋಡಿದ್ದು

ಮಡಿಕೇರಿಯ ರಿಪೇರಿ ಅಂಗಡಿಯವರು ನನ್ನ ಹಳೆ ಲೆನ್ಸ್ ಹಿಂದಿನಿಂದ ಟಾರ್ಚ್ ಬಿಟ್ಟು ತೋರಿಸಿದರು. ಗಾಜಿನ ಒಳಗೆ ಸಣ್ಣ ಬೇರು ಇಳಿದ ಹಾಗೆ ಬಿಳಿ ಎಳೆಗಳು. ಬೂಷ್ಟು. ಕ್ಯಾಮೆರಾ ಬಾಡಿಯ ಕಥೆ ಇನ್ನೂ ಕಷ್ಟ. ಫ್ಲ್ಯಾಶ್ ಸಿಕ್ಕಿಸುವ ಜಾಗದಲ್ಲಿ ಹಸಿರು ಕಿಲುಬು. ಶಟರ್ ಬಟನ್ ಒತ್ತಿದರೆ ಒತ್ತಿದಲ್ಲೇ ಕೂರುತ್ತಿತ್ತು. ಮೊದಲ ಸಂಬಳದಲ್ಲಿ ತಗೊಂಡ ಡಿಎಸ್‌ಎಲ್‌ಆರ್ ಅದು. ಒಂದು ಸಲವೂ ಕೆಳಗೆ ಬಿದ್ದಿರಲಿಲ್ಲ, ಒಂದು ಅಲೆಯೂ ಅದಕ್ಕೆ ಬಡಿದಿರಲಿಲ್ಲ. ಆರು ತಿಂಗಳು ನಾನು ಕೆಲಸ ಮಾಡುವ ಹಡಗಿನಲ್ಲಿತ್ತು, ಆಮೇಲೆ ಒಂದು ಮಳೆಗಾಲ ಪೂರ್ತಿ ಭಾಗಮಂಡಲದ ಮನೆಯ ಬೀರುವಿನಲ್ಲಿತ್ತು.

ಏನಾಯ್ತು ಅಂತ ಗೊತ್ತಾಗಿದ್ದು ನಮ್ಮ ಅಡುಗೆಮನೆಯಲ್ಲಿ. ಜುಲೈನಲ್ಲಿ ಉಪ್ಪಿನ ಭರಣಿ ತಾನಾಗೇ ನೀರು ಬಿಡುತ್ತದೆ ಅಲ್ವಾ? ಗಾಳಿಯ ತೇವ ಸುಮಾರು ಶೇಕಡ 75 ದಾಟಿದರೆ ಉಪ್ಪು ಆ ತೇವವನ್ನು ಎಳೆದುಕೊಂಡು ಕರಗಲು ಶುರು ಮಾಡುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಲೆ ಒಡೆದಾಗ ಏಳುವ ಸಣ್ಣ ಹನಿ ಒಣಗಿ, ಆ ಉಪ್ಪು ಬಟನ್ ಸಂದಿಯಲ್ಲಿ, ಸ್ಕ್ರೂ ತಲೆಯಲ್ಲಿ ಕೂರುತ್ತದೆ. ಹಡಗಿನ ಎಸಿ ಕ್ಯಾಬಿನ್‌ನಲ್ಲಿ ಅದು ಒಣಗಿ ಸುಮ್ನೆ ಇರುತ್ತದೆ. ಕೊಡಗಿನ ಮಳೆಗಾಲಕ್ಕೆ ಬಂದ ಕೂಡಲೇ ಕರಗಿ ಲೋಹ ತಿನ್ನುತ್ತದೆ. ಆ ಕ್ಯಾಮೆರಾಗೆ ಪೆಟ್ಟು ಬಿದ್ದಿದ್ದು ಸಮುದ್ರದಲ್ಲಿ, ಜೀವ ಹೋಗಿದ್ದು ಮನೆಯಲ್ಲಿ.

ಹಾಗಾಗಿ ಮುಂದಿನ ಎರಡು ಕಾಂಟ್ರಾಕ್ಟ್‌ಗಳಿಗೆ ಮೂರು ಬೇರೆ ಬೇರೆ ತರದ ಕ್ಯಾಮೆರಾ ಜೊತೆಗೆ ಇಟ್ಟುಕೊಂಡೆ. ಜೇಬಿಗೆ ಹೋಗುವ ಒಲಿಂಪಸ್ ಟಫ್ ಟಿಜಿ-6, ವಿಡಿಯೋಕ್ಕೆ ಪುಟ್ಟ ಗೋಪ್ರೋ ಹೀರೋ 11, ಮತ್ತೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದ, ಲೆನ್ಸ್ ಬದಲಿಸಬಹುದಾದ ಒಲಿಂಪಸ್ ಇ-ಎಂ1 ಮಾರ್ಕ್ 2. ನನ್ನದು ಬಲ್ಕ್ ಕ್ಯಾರಿಯರ್, ಅಂದರೆ ಸರಕನ್ನು ಮೂಟೆ ಕಟ್ಟದೆ ಹಾಗೇ ಸುರಿದು ತುಂಬುವ ಹಡಗು. ಬ್ರೆಜಿಲ್‌ನಲ್ಲಿ ಅದಿರು ತುಂಬಿಕೊಂಡು ಗುಡ್ ಹೋಪ್ ಭೂಶಿರ ಸುತ್ತಿ ಚೀನಾಕ್ಕೆ ಹೊರಟರೆ ತಿಂಗಳಿಗೂ ಜಾಸ್ತಿ ದಿನ ನೀರೇ ನೀರು. (ಆಯಿಲ್ ಟ್ಯಾಂಕರ್‌ಗೆ ಹೋಗುವವರು ಇದನ್ನು ಓದುತ್ತಿದ್ದರೆ ಒಂದು ಮಾತು: ಅಲ್ಲಿ ಡೆಕ್ ಮೇಲೆ ಸಾಮಾನ್ಯ ಕ್ಯಾಮೆರಾ, ಫೋನ್ ಯಾವುದನ್ನೂ ತರುವಂತಿಲ್ಲ. ಕಿಡಿಯ ಭಯ.)

ಮೊದಲು ಟಿಜಿ-6. ತೂಕ 253 ಗ್ರಾಂ, ಬಾಯ್ಲರ್ ಸೂಟ್ ಜೇಬಿಗೆ ಸರಿಯಾಗಿ ಕೂರುತ್ತದೆ. ಹೊರಗಿನ ಕವಚ ಏನೂ ಇಲ್ಲದೆ 15 ಮೀಟರ್ ಆಳದ ತನಕ ನೀರು ತಡೆಯುತ್ತದೆ, 2.1 ಮೀಟರ್ ಎತ್ತರದಿಂದ ಬಿದ್ದರೂ ತಡೆಯುವ ಹಾಗೆ ಮಾಡಿದ್ದಾರೆ. ಆದರೆ ನನಗೆ ಇದು ಇಷ್ಟವಾಗಿದ್ದು ಬೇರೆ ಕಾರಣಕ್ಕೆ. ಇದನ್ನು ತೊಳೆಯಬಹುದು. ವಾಚ್ (ಹಡಗಿನ ಕೆಲಸದ ಪಾಳಿ) ಮುಗಿಸಿ ಕ್ಯಾಬಿನ್‌ಗೆ ಬಂದು, ಬೇಸಿನ್‌ನಲ್ಲಿ ಸಿಹಿನೀರು ತುಂಬಿ ಹತ್ತು ನಿಮಿಷ ಮುಳುಗಿಸಿಟ್ಟು, ಒಂದೊಂದೇ ಬಟನ್ ನೀರಿನೊಳಗೇ ಒತ್ತುತ್ತೇನೆ. ಸಂದಿಯ ಉಪ್ಪು ಬಿಟ್ಟುಕೊಳ್ಳುತ್ತದೆ. ಹೀಗೆ ನೋಡಿಕೊಂಡ ಕ್ಯಾಮೆರಾ ಎರಡು ಕಾಂಟ್ರಾಕ್ಟ್, ಎರಡು ಕೊಡಗಿನ ಮಳೆಗಾಲ ಕಳೆದರೂ ಬಟನ್‌ಗಳು ಹೊಸದರ ಹಾಗೇ ಇವೆ.

ಒಂದು ಎಚ್ಚರ ಮಾತ್ರ ಯಾವಾಗಲೂ ಇರಬೇಕು. ಬ್ಯಾಟರಿ ಬಾಗಿಲ ಸುತ್ತ ತೆಳು ರಬ್ಬರ್ ಸೀಲ್ ಇದೆ. ಅದರ ಮೇಲೆ ಒಂದೇ ಒಂದು ತಲೆಕೂದಲು ಸಿಕ್ಕಿಕೊಂಡರೂ ನೀರಿಗೆ ದಾರಿಯಾಗುತ್ತದೆ. ಬಾಗಿಲು ಮುಚ್ಚುವ ಮೊದಲು ಕಿಟಕಿ ಬೆಳಕಿಗೆ ಹಿಡಿದು ನೋಡಿ, ಬೆರಳು ಆಡಿಸಿ ನೋಡಿ. ಚಾರ್ಜ್ ಮಾಡುವ ಪಿನ್‌ಗೆ ಪಕ್ಕದಲ್ಲಿ ಬೇರೆ ಬಾಗಿಲಿದೆ, ಅದಕ್ಕೂ ಇದೇ ಎಚ್ಚರ. ಹಾಗಾಗಿ ಡೆಕ್ ಮೇಲೆ ಆ ಎರಡೂ ಬಾಗಿಲು ತೆಗೆಯಲೇಬೇಡಿ.

ಚಿತ್ರದ ಗುಣ? ಬಿಸಿಲಿದ್ದರೆ ಚೆನ್ನಾಗಿದೆ. ಡೆಕ್ ಮೇಲೆ ಬಂದು ಬಿದ್ದ ಹಾರುವ ಮೀನಿನ ರೆಕ್ಕೆಯನ್ನು ಒಂದು ಸೆಂಟಿಮೀಟರ್ ಹತ್ತಿರದಿಂದ ತೆಗೆದಿದ್ದೇನೆ. ರೆಕ್ಕೆಯ ಒಂದೊಂದು ಕಡ್ಡಿಯೂ ಕಾಣುತ್ತದೆ. ಜಿಪಿಎಸ್ ಇರುವುದರಿಂದ ಯಾವ ಅಕ್ಷಾಂಶದಲ್ಲಿ ಆ ಮೀನು ಸಿಕ್ಕಿತು ಅನ್ನುವುದೂ ಫೋಟೋ ಜೊತೆಗೇ ಉಳಿಯುತ್ತದೆ. ಬೆಳಕು ಇಳಿದ ಮೇಲೆ ಮಾತ್ರ ಬೆಳಕು ಹಿಡಿಯುವ ಇದರ ಸಣ್ಣ ಸೆನ್ಸರ್ ಸೋಲುತ್ತದೆ. ಸೂರ್ಯ ಮುಳುಗಿ ಅರ್ಧ ಗಂಟೆ ಆದ ಮೇಲೆ ತೆಗೆದ ಆಕಾಶವೆಲ್ಲ ರವೆ ಚೆಲ್ಲಿದ ಹಾಗೆ.

ಗೋಪ್ರೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದೂ 10 ಮೀಟರ್ ತನಕ ನೀರು ತಡೆಯುತ್ತದೆ, ಅದನ್ನೂ ತೊಳೆಯಬಹುದು. ಹಡಗಿನ ಮೂತಿ ಅಲೆಯೊಳಗೆ ಇಳಿದು ಏಳುವುದನ್ನು ವಿಡಿಯೋ ಮಾಡಲು ಇದರಷ್ಟು ಒಳ್ಳೆಯದು ಇನ್ನೊಂದು ನನಗೆ ಸಿಕ್ಕಿಲ್ಲ. ಆದರೆ ಲೆನ್ಸ್ ಬಹಳ ಅಗಲ, ಜೂಮ್ ಹೆಸರಿಗಷ್ಟೇ. ಸಮುದ್ರದಲ್ಲಿ ನೋಡಬೇಕಾದದ್ದೆಲ್ಲ ದೂರದಲ್ಲೇ ಇರುತ್ತದೆ. ತಿಮಿಂಗಿಲದ ಬಾಲ ಇದರಲ್ಲಿ ಕಾಳುಮೆಣಸಿನಷ್ಟು ಕಂಡಿತು. ನಿಮ್ಮದು ಬರೀ ವಿಡಿಯೋ ಅಂದರೆ ಇದೇ ಸರಿ. ಫೋಟೋ ಬೇಕು ಅಂದರೆ ಇದೊಂದನ್ನೇ ನಂಬಿ ಹಡಗು ಹತ್ತಬೇಡಿ.

ಇನ್ನು ಇ-ಎಂ1 ಮಾರ್ಕ್ 2. ಇದು 2016ರ ಮಾಡೆಲ್. ಸೆನ್ಸರ್ ವಿಸ್ತೀರ್ಣದಲ್ಲಿ ಟಿಜಿಯದ್ದಕ್ಕಿಂತ ಸುಮಾರು ಎಂಟು ಪಟ್ಟು ದೊಡ್ಡದು. ಸೆನ್ಸರ್ ಅನ್ನೇ ಅಲುಗಿಸಿ ನಡುಕ ತಡೆಯುವ ವ್ಯವಸ್ಥೆ ಬಾಡಿಯೊಳಗೇ ಇದೆ. ಹಡಗಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಮೇನ್ ಎಂಜಿನ್ ನಡುಕ ಇಡೀ ಡೆಕ್‌ಗೆ ಹರಡಿರುತ್ತದೆ, ಟ್ರೈಪಾಡ್ ಇಟ್ಟರೆ ಆ ನಡುಕ ನೇರ ಕ್ಯಾಮೆರಾಕ್ಕೇ ಏರುತ್ತದೆ. ಟ್ರೈಪಾಡ್ ಬಿಟ್ಟು ಕೈಯಲ್ಲೇ ಹಿಡಿದು, ಮೊಣಕೈಯನ್ನು ಎದೆಗೆ ಒತ್ತಿಕೊಂಡು ತೆಗೆದರೆ ಚಿತ್ರ ಚೂಪಾಗಿ ಬರುತ್ತದೆ. ಗುಡ್ ಹೋಪ್ ಹತ್ತಿರ ಒಂದು ಆಲ್ಬಟ್ರಾಸ್, ದೊಡ್ಡ ಕಡಲಹಕ್ಕಿ, ರೆಕ್ಕೆ ಬಡಿಯದೆ ನಮ್ಮ ಪಕ್ಕದಲ್ಲೇ ಬಹಳ ಹೊತ್ತು ತೇಲಿತು. ಕಣ್ಣಿನ ಮೇಲಿನ ಕಪ್ಪು ಗೆರೆ ತನಕ ಚಿತ್ರದಲ್ಲಿದೆ. ಉಳಿದ ಎರಡರಲ್ಲಿ ಆ ಚಿತ್ರ ಸಾಧ್ಯವೇ ಇರಲಿಲ್ಲ.

ಇದರಲ್ಲಿ ಎರಡು ಕಾರ್ಡ್ ಹಾಕುವ ಜಾಗ ಇದೆ. ಒಂದೇ ಚಿತ್ರ ಎರಡರಲ್ಲೂ ಉಳಿಯುವ ಹಾಗೆ ಇಟ್ಟುಕೊಳ್ಳಬಹುದು. ನಡುಸಮುದ್ರದಲ್ಲಿ ಫೋಟೋಗಳನ್ನು ಎಲ್ಲಿಗೂ ಕಳಿಸುವಷ್ಟು ನೆಟ್ ನಮಗೆ ಸಿಗುವುದಿಲ್ಲ. ಒಂದು ಕಾರ್ಡ್ ಕೆಟ್ಟರೆ ಇನ್ನೊಂದು ಇದೆ ಅನ್ನುವ ಧೈರ್ಯ ದೊಡ್ಡದು.

ಆದರೆ ಬಾಡಿಗೆ ಸೀಲ್ ಇದೆ ಅಂತ ಮರುಳಾಗಬೇಡಿ. ಲೆನ್ಸ್‌ಗೂ ಸೀಲ್ ಇರಬೇಕು. ಕಡಿಮೆ ಬೆಲೆಯ ಲೆನ್ಸ್ ಹಾಕಿದರೆ ಲೆನ್ಸ್-ಬಾಡಿ ಸೇರುವ ಜಾಗದಲ್ಲೇ ತೇವ ಒಳಗೆ ಹೋಗುತ್ತದೆ. ನಾನು ಸೀಲ್ ಇರುವ 12-100 ಎಂಎಂ ಪ್ರೋ ಲೆನ್ಸ್ ಒಂದನ್ನೇ ಹಾಕಿ, ಡೆಕ್ ಮೇಲೆ ಯಾವತ್ತೂ ಬದಲಿಸಲಿಲ್ಲ. ಬಾಡಿ, ಲೆನ್ಸ್ ಸೇರಿ ಒಂದು ಕಿಲೋಗೂ ಜಾಸ್ತಿ. ಚಾರ್ಜರ್ ಬೇರೆ ಒಯ್ಯಬೇಕು, ಯುಎಸ್‌ಬಿಯಲ್ಲಿ ಚಾರ್ಜ್ ಆಗುವುದಿಲ್ಲ. ಮುಖ್ಯವಾಗಿ, ಇದು ಹನಿ ತಡೆಯುತ್ತದೆ ಅಷ್ಟೇ. ನೀರಿನಲ್ಲಿ ಮುಳುಗಿಸುವಂತಿಲ್ಲ. ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಸಂದಿ ಸಂದಿ ಒರೆಸಬೇಕು, ಆಮೇಲೆ ಒಣ ಬಟ್ಟೆ. ಆರು ತಿಂಗಳು, ದಿನಾ. ಬೇಸರವಾಗಿ ಬಿಟ್ಟ ವಾರವೇ ಉಪ್ಪು ಕೂರುತ್ತದೆ.

ಲೆನ್ಸ್ ಮೇಲೆ ಹನಿ ಒಣಗಿದ್ದರೆ ಒಣ ಬಟ್ಟೆಯಲ್ಲಿ ತಿಕ್ಕಬೇಡಿ. ಅದು ಉಪ್ಪಿನ ಹರಳು, ಗಾಜಿನ ಲೇಪನವನ್ನು ಗೀರುತ್ತದೆ. ಮೊದಲು ಎರಡು ಹನಿ ಸಿಹಿನೀರು ಬಿಡಿ, ಕರಗಲಿ, ಆಮೇಲೆ ಮೆಲ್ಲಗೆ ಒತ್ತಿ ತೆಗೆಯಿರಿ. ಎಸಿ ಕ್ಯಾಬಿನ್‌ನಿಂದ ಬಿಸಿ ಡೆಕ್‌ಗೆ ಹೋದರೆ ಯಾವ ಕ್ಯಾಮೆರಾಕ್ಕಾದರೂ ಹಬೆ ಹಿಡಿಯುತ್ತದೆ. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹೊರಗಿನ ಬಿಸಿಗೆ ಅರ್ಧ ಗಂಟೆ ಬಿಟ್ಟು ಆಮೇಲೆ ಬಿಚ್ಚಿದರೆ ತೊಂದರೆ ಇಲ್ಲ.

ಊರಿಗೆ ಬಂದ ಮೇಲೆ ಟಿಜಿ ಮತ್ತು ಗೋಪ್ರೋವನ್ನು ದಕ್ಷಿಣ ಕೊಡಗಿನ ಹೊಳೆ ಬರಪೊಳೆಯ ರ‍್ಯಾಫ್ಟಿಂಗ್‌ಗೆ ಒಯ್ದೆ. ಜುಲೈ ತಿಂಗಳು, ಕೆಂಪು ನೀರು, ದೋಣಿ ಎರಡು ಸಲ ಮಗುಚಿತು. ಎರಡೂ ಕ್ಯಾಮೆರಾಗಳಿಗೆ ಏನೂ ಆಗಲಿಲ್ಲ. ಆದರೂ ಹೊಳೆಯಲ್ಲಿ ಪಾಸಾದದ್ದು ಸಮುದ್ರದಲ್ಲೂ ಪಾಸ್ ಅಂದುಕೊಳ್ಳಬೇಡಿ. ನೀರು, ಧೂಳು ಎಷ್ಟು ತಡೆಯುತ್ತದೆ ಅಂತ ಹೇಳುವ ಡಬ್ಬದ ಮೇಲಿನ ಐಪಿ ಅಂಕಿಗಳೂ ಸಿಹಿನೀರಿನ ಪರೀಕ್ಷೆಯವೇ. ಬರಪೊಳೆಯ ನೀರು ಮಾಕುಟ್ಟದ ಆಚೆ ಕೇರಳಕ್ಕೆ ಇಳಿದು, ವಳಪಟ್ಟಣಂ ಹೊಳೆ ಸೇರಿ, ಕಣ್ಣೂರಿನ ಹತ್ತಿರ ಅರಬ್ಬಿ ಸಮುದ್ರ ಮುಟ್ಟುತ್ತದೆ. ಅದೇ ನೀರು ಅಲ್ಲಿ ಬೇರೆಯೇ ಆಗಿರುತ್ತದೆ.

ಇ-ಎಂ1 ಅನ್ನು ಮಳೆಗಾಲದಲ್ಲಿ ಬೀರುವಿನಲ್ಲಿ ಇಡುವುದನ್ನು ಬಿಟ್ಟೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್. ಹೊರಗೆ ಶೇಕಡ 90 ದಾಟಿದ ದಿನವೂ ಒಳಗೆ 45ರ ಆಸುಪಾಸು ನಿಲ್ಲುತ್ತದೆ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ನೀಲಿಯಾದ ಮೇಲೆ ಆರಿಸಿ ಹಾಕುತ್ತೇನೆ. ಆ ಬಾಣಲೆ ಅಡುಗೆಗೆ ಬಳಸುವುದಿಲ್ಲ. ಕಾಫಿ ಬೀಜ ಕಚ್ಚಿ ತೇವ ಹೇಳುವ ಅಮ್ಮನಿಗೆ ಈಗ ಮೀಟರ್ ನೋಡಿ ಹರಳು ಬದಲಿಸುವುದೂ ರೂಢಿಯಾಗಿದೆ.

ಪೊನ್ನಂಪೇಟೆಯ ನೆಂಟರ ಹುಡುಗ ಈ ಸಲ ಕೆಡೆಟ್ (ತರಬೇತಿಯ ಹುಡುಗ) ಆಗಿ ಮೊದಲ ಹಡಗು ಹತ್ತುತ್ತಿದ್ದಾನೆ. ದುಡ್ಡು ಒಂದಕ್ಕೇ ಇದೆ, ಯಾವುದು ತಗೊಳ್ಳಲಿ ಅಂತ ಕೇಳಿದ. ಟಿಜಿ ಅಂದೆ. ಈಗ ಅಂಗಡಿಯಲ್ಲಿ ಹೊಸದು ಸಿಗುವುದು 2023ರ ಟಿಜಿ-7, ಅದಕ್ಕೆ ಟೈಪ್-ಸಿ ಚಾರ್ಜಿಂಗ್ ಇದೆ, ಉಳಿದದ್ದು ಹೆಚ್ಚುಕಮ್ಮಿ ಇದೇ. ಕೆಡೆಟ್‌ಗೆ ನಿದ್ದೆಗೇ ಸಮಯ ಇರುವುದಿಲ್ಲ, ದಿನಾ ಸಂದಿ ಸಂದಿ ಒರೆಸುತ್ತಾ ಎಲ್ಲಿ ಕೂರುತ್ತಾನೆ? ಬೇಸಿನ್‌ನಲ್ಲಿ ಹತ್ತು ನಿಮಿಷ ಮುಳುಗಿಸಿ ತೆಗೆದು ಮಲಗಬಹುದಾದ ಕ್ಯಾಮೆರಾ ಅವನಿಗೆ ಬೇಕು. ನಾನು ಕೈಲ್‌ಪೊಳ್ದ್ ಹಬ್ಬ ಮುಗಿಸಿಕೊಂಡು ಹೊರಡುತ್ತೇನೆ. ಇ-ಎಂ1 ಜೊತೆಗೆ ಬರುತ್ತದೆ, ಜೇಬಿನಲ್ಲಿ ಟಿಜಿ. ಗೋಪ್ರೋ ಈ ಸಲ ತಂಗಿಯ ಹತ್ತಿರ ಉಳಿಯುತ್ತದೆ.