ಕೊಟ್ಟಿಗೆಗೂ ಟೆಂಟಿಗೂ ಒಂದೇ ದೀಪ: ಮೂರು ತಂದು ನೋಡಿದೆ, ಸೆಲ್ ಹಾಕುವುದೇ ಉಳಿಯಿತು

ಮೊದಲೇ ಹೇಳಿಬಿಡುತ್ತೇನೆ. ತಲೆಗೆ ಕಟ್ಟುವ ಟಾರ್ಚ್ ತಗೊಳ್ಳುವುದಾದರೆ ಟಿವಿ ರಿಮೋಟಿನ ಸಣ್ಣ ಸೆಲ್ ಮೂರು ಹಿಡಿಯುವಂಥದ್ದನ್ನೇ ತಗೊಳ್ಳಿ. ಚಾರ್ಜ್ ಮಾಡುವ ಹೆಡ್‌ಲ್ಯಾಂಪ್, ಸೋಲಾರ್ ಲ್ಯಾಂಟರ್ನ್ ಎರಡನ್ನೂ ದುಡ್ಡು ಕೊಟ್ಟು ತಂದು, ಎರಡು ಮಳೆಗಾಲ ಬಳಸಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಮ್ಮ ಮನೆ ಇರುವುದು ಮೂಡಿಗೆರೆ ತಾಲ್ಲೂಕಿನಲ್ಲಿ, ಪೇಟೆಯಿಂದ 14 ಕಿಲೋಮೀಟರ್ ಒಳಗೆ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಲೈನ್ ಹೋಯಿತೆಂದರೆ ಒಂದು ದಿನ, ಎರಡು ದಿನ ಕತ್ತಲೆ. ಬೆಳಗ್ಗೆ ಐದಕ್ಕೆ ಕೊಟ್ಟಿಗೆ ಕೆಲಸ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಕೈಕೊಟ್ಟ ವರ್ಷ ಮಾರ್ಚ್ ತಿಂಗಳಲ್ಲಿ ರಾತ್ರಿ ಎದ್ದು ಕಾಫಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಜೆಟ್ಟಿನ ಜಾಗ ಬದಲಿಸಬೇಕು. ಡಿಸೆಂಬರ್‌ನಲ್ಲಿ ಸಕಲೇಶಪುರದ ಹತ್ತಿರ ಭಾವನ ತೋಟದಲ್ಲಿ ಮಕ್ಕಳ ಜೊತೆ ಟೆಂಟ್ ಹಾಕುತ್ತೇವೆ. ಎಲ್ಲದಕ್ಕೂ ಎರಡು ಕೈ ಬೇಕು. ಮೊಬೈಲ್ ಟಾರ್ಚ್ ಹಿಡಿದುಕೊಂಡು ಹಾಲು ಕರೆಯೋಕೆ ಆಗಲ್ಲ, ಅಲ್ವಾ?

ಮೊದಲು ತಂದದ್ದು ಚಾರ್ಜ್ ಹೆಡ್‌ಲ್ಯಾಂಪ್, 1,100 ರೂಪಾಯಿ. ಬೆಳಕು ಮೂರರಲ್ಲೂ ಇದರದ್ದೇ ಜಾಸ್ತಿ. ಹಣೆಗೆ ಭಾರವೂ ಇಲ್ಲ. ಒಂದು ತಿಂಗಳು ಎಲ್ಲರಿಗೂ ತೋರಿಸಿಕೊಂಡು ಓಡಾಡಿದೆ.

ಜುಲೈನಲ್ಲಿ ಕರೆಂಟ್ ಹೋಗಿ ಎರಡನೇ ರಾತ್ರಿ ಲ್ಯಾಂಪ್ ಖಾಲಿಯಾಯಿತು. ಪವರ್ ಬ್ಯಾಂಕ್ ತುಂಬಿತ್ತು. ಹೊಸ ಮೊಬೈಲಿನ ಕೇಬಲ್ ಹಾಕಿದೆ. ಲ್ಯಾಂಪಿನ ಕೆಂಪು ಚುಕ್ಕಿ ಹತ್ತಲೇ ಇಲ್ಲ. ತಿರುಗಿಸಿ ಹಾಕಿದೆ, ಒರೆಸಿ ಹಾಕಿದೆ, ಒಲೆ ಪಕ್ಕ ಇಟ್ಟು ಬೆಚ್ಚಗೆ ಮಾಡಿ ಹಾಕಿದೆ. ಅದೇ ಕೇಬಲಿನಲ್ಲಿ ಮೊಬೈಲ್ ಚೆನ್ನಾಗಿ ಚಾರ್ಜ್ ಆಗುತ್ತಿತ್ತು. ಹಾಗಾದರೆ ಲ್ಯಾಂಪಿಗೇ ಥಂಡಿ ಹಿಡಿದು ಕೆಟ್ಟಿದೆ ಅಂದುಕೊಂಡೆ.

ಮಳೆ ಸ್ವಲ್ಪ ನಿಂತ ಮೇಲೆ ಪೇಟೆಗೆ ಹೋಗಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೊಟ್ಟೆ. ಹುಡುಗ ತನ್ನ ಕೇಬಲ್ ಚುಚ್ಚಿದ. ತಕ್ಷಣ ಕೆಂಪು ಚುಕ್ಕಿ ಬಂತು. "ಏನೂ ಆಗಿಲ್ಲ ಅಣ್ಣಾ, ಚಾರ್ಜ್ ತಗೊಳ್ತಾ ಇದೆಯಲ್ಲ" ಅಂದ. ಮನೆಗೆ ಬಂದರೆ ಮತ್ತೆ ಅದೇ ಕಥೆ. ಎರಡನೇ ಸಲವೂ ಹೋಗಿಬಂದೆ. ಬರೀ ಓಡಾಟಕ್ಕೇ ಎರಡು ಅರ್ಧ ದಿನ ಹೋಯಿತು. ಕಂಪನಿಗೆ ಫೋನ್ ಮಾಡಿದರೆ "ಬಾಕ್ಸಿನಲ್ಲಿ ಬಂದ ಕೇಬಲನ್ನೇ ಬಳಸಿ" ಅಂದರು. ಯಾಕೆ ಅಂತ ಕೇಳಿದ್ದಕ್ಕೆ ಉತ್ತರ ಇಲ್ಲ. ಆ ಗೇಣುದ್ದದ ಕೇಬಲ್ ಆಗಲೇ ಎಲ್ಲೋ ಕಳೆದಿತ್ತು.

ವಿಷಯ ಇಷ್ಟೇ. ನನ್ನ ಹೊಸ ಕೇಬಲ್ ಎರಡೂ ಕಡೆ ಟೈಪ್-ಸಿ. ಹುಡುಗನದ್ದು ಒಂದು ಕಡೆ ಹಳೇ ಅಗಲ ಮೂತಿಯದ್ದು. ಅಗಲ ಮೂತಿಯ ಚಾರ್ಜರಿನಲ್ಲಿ 5 ವೋಲ್ಟ್ ಯಾವಾಗಲೂ ಬರುತ್ತಲೇ ಇರುತ್ತದೆ, ಯಾರು ಚುಚ್ಚಿದರೂ ಸರಿ. ಟೈಪ್-ಸಿ ಚಾರ್ಜರ್ ಹಾಗಲ್ಲ. ಆ ಕಡೆ ಕರೆಂಟ್ ಬೇಕಾದ ವಸ್ತು ಇದೆ ಅಂತ ಗೊತ್ತಾಗುವ ತನಕ ಅದು ಕೊಡುವುದೇ ಇಲ್ಲ. ಅದನ್ನು ತಿಳಿಸೋಕೆ ಲ್ಯಾಂಪಿನ ಒಳಗೆ 5.1 ಕಿಲೋ ಓಮ್‌ನ ಎರಡು ಚಿಕ್ಕ ರೆಸಿಸ್ಟರ್ ಇರಬೇಕು. ತೀರಾ ಕಡಿಮೆ ಬೆಲೆಯ ಭಾಗ ಅವು. ಅವನ್ನು ಹಾಕದೆ ಬಿಟ್ಟ ಟಾರ್ಚ್, ಟ್ರಿಮ್ಮರ್, ಸ್ಪೀಕರ್ ಎಷ್ಟೋ ಇವೆ. ರಂಧ್ರ ಟೈಪ್-ಸಿ ಇದ್ದರೂ ಎರಡೂ ಕಡೆ ಟೈಪ್-ಸಿ ಇರುವ ಕೇಬಲಿಗೆ ಅವು ಚಾರ್ಜ್ ಆಗುವುದಿಲ್ಲ. ನನ್ನ ಲ್ಯಾಂಪೂ ಅದೇ ಜಾತಿಯದು.

ನನಗೆ ನಿಜಕ್ಕೂ ಬೇಜಾರಾಗಿದ್ದು ಇಲ್ಲೇ. ಕತ್ತಲೆಗೆ ಅಂತಲೇ ಮಾಡಿದ ವಸ್ತು ಇದು. ಆ ಎರಡು ರೆಸಿಸ್ಟರ್ ಹಾಕೋಕೆ ಆಗದಿದ್ದರೆ ಬಾಕ್ಸಿನ ಮೇಲೆ ಒಂದು ಸಾಲು ಬರೆಯಬಹುದಿತ್ತು. ನೀವು ತರುವುದಾದರೆ ನಿಮ್ಮ ಸಿ ಕೇಬಲ್, ಸಿ ಚಾರ್ಜರ್ ಎರಡನ್ನೂ ಅಂಗಡಿಗೇ ಒಯ್ದು ಚುಚ್ಚಿ ನೋಡಿ. ಆನ್‌ಲೈನಿನಲ್ಲಿ ತರಿಸಿದರೆ ವಾಪಸ್ ಕೊಡುವ ದಿನ ಮುಗಿಯುವುದರೊಳಗೆ ನೋಡಿಬಿಡಿ.

ಇನ್ನೊಂದು ದೂರು. ಖಾಲಿಯಾಗುವ ತನಕ ಒಂದೇ ಸಮ ಉರಿದು ತಟ್ಟನೆ ಆರಿಹೋಗುತ್ತದೆ. ಜೆಟ್ ಬದಲಿಸುವಾಗ ತೋಟದ ಮಧ್ಯೆ ಒಮ್ಮೆ ಹಾಗಾಯಿತು.

ಸೋಲಾರ್ ಲ್ಯಾಂಟರ್ನ್ ಅಮ್ಮನಿಗೆ ಇಷ್ಟ. ಜನವರಿಯಲ್ಲಿ ಕಾಫಿ ಕಣದ ಬದಿಯಲ್ಲಿ ಹಗಲೆಲ್ಲ ಇಟ್ಟರೆ ರಾತ್ರಿ ಅಡುಗೆ, ಊಟ ಮುಗಿಯುವ ತನಕ ತೊಂದರೆಯಿಲ್ಲ. ಟೆಂಟಿನ ಒಳಗೆ ನೇತುಹಾಕೋಕೂ ಚೆನ್ನ, ಮಕ್ಕಳ ಕಣ್ಣಿಗೆ ಚುಚ್ಚುವುದಿಲ್ಲ. ಆದರೆ ನಮಗೆ ದೀಪ ಬೇಕಾಗುವುದು ಜುಲೈನಲ್ಲಿ. ಆಗ ಬಿಸಿಲು ಎಲ್ಲಿದೆ? ಮೂರು ದಿನ ಜಗಲಿಯಲ್ಲಿಟ್ಟರೂ ಒಂದು ಗಂಟೆ ಉರಿಯಲಿಲ್ಲ.

ಈಗ ನನ್ನ ಮೆಚ್ಚಿನದು. 450 ರೂಪಾಯಿ, ಮೂರು ಸೆಲ್. ಬೆಳಕು ಚಾರ್ಜ್ ಲ್ಯಾಂಪಿನ ಅರ್ಧ ಇರಬಹುದು. ಕೊಟ್ಟಿಗೆಗೆ, ಟೆಂಟಿಗೆ ಅಷ್ಟು ಸಾಕು. ಸೆಲ್ ಇಳಿಯುತ್ತಾ ಬಂದ ಹಾಗೆ ಬೆಳಕೂ ನಿಧಾನಕ್ಕೆ ಮಂಕಾಗುತ್ತದೆ, ಮನೆ ಸೇರೋಕೆ ಟೈಮ್ ಸಿಗುತ್ತದೆ. ಸೆಲ್ ಕೊಟ್ಟಿಗೆಹಾರದ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಏನೂ ಸಿಗದಿದ್ದರೆ ರಿಮೋಟಿನಿಂದ ಎರಡು ತೆಗೆದುಕೊಂಡು ಇನ್ನೊಂದು ಹುಡುಕಿದರಾಯಿತು. ಕರೆಂಟೇ ಇಲ್ಲದಾಗ ರಿಮೋಟ್ ಯಾರಿಗೆ ಬೇಕು?

ಖರ್ಚಿನ ಮಾತು ಬಂದೇ ಬರುತ್ತದೆ. ಸಾದಾ ಸೆಲ್ ಬೇಗ ಮುಗಿಯುತ್ತದೆ, ಆಲ್ಕಲೈನ್ ಬಹಳ ದಿನ ಬರುತ್ತದೆ. ನಾನು ಚಾರ್ಜ್ ಆಗುವ ನಿಕ್ಕಲ್ ಸೆಲ್ ನಾಲ್ಕು ತಂದಿದ್ದೇನೆ. ಅವುಗಳ ಮೇಲೆ 1.2 ವೋಲ್ಟ್ ಅಂತ ಬರೆದಿರುತ್ತದೆ, ಸಾದಾ ಸೆಲ್ 1.5. ಬೆಳಕು ಒಂದು ಚೂರು ಕಡಿಮೆ, ಅಷ್ಟೇ. ರಿಮೋಟಿನಿಂದ ತೆಗೆಯುವಂಥ ತುರ್ತು ಬಿಟ್ಟರೆ ಹಳೇದು ಹೊಸದು ಬೆರೆಸಬೇಡಿ. ಟೆಂಟಿನ ಸಾಮಾನು ಎತ್ತಿಡುವಾಗ ಸೆಲ್ ತೆಗೆದಿಡಿ, ಇಲ್ಲದಿದ್ದರೆ ಸೋರಿ ಸ್ಪ್ರಿಂಗ್ ತಿಂದುಹಾಕುತ್ತದೆ.

ಮಂಜಿಗೆ ಮಾತ್ರ ಯಾವ ಹೆಡ್‌ಲ್ಯಾಂಪೂ ಆಗುವುದಿಲ್ಲ. ಹಣೆಯಿಂದ ಹೊರಟ ಬೆಳಕು ಮಂಜಿಗೆ ತಾಗಿ ನೇರ ಕಣ್ಣಿಗೇ ವಾಪಸ್ ಬರುತ್ತದೆ, ಎದುರಿಗೆ ಬಿಳಿ ಗೋಡೆ ಎದ್ದ ಹಾಗೆ. ಚಾರ್ಮಾಡಿ ಘಾಟಿಯಲ್ಲಿ ಓಡಾಡುವ ಗಾಡಿಗಳ ಫಾಗ್ ಲೈಟ್ ಎಷ್ಟು ಕೆಳಗಿರುತ್ತದೆ ನೋಡಿ. ಹಾಗೆಯೇ ಲ್ಯಾಂಪನ್ನು ತಲೆಯಿಂದ ಬಿಚ್ಚಿ ಸೊಂಟದ ಮಟ್ಟದಲ್ಲಿ ಹಿಡಿಯಿರಿ, ದಾರಿ ಕಾಣುತ್ತದೆ. ಆನೆ ಓಡಾಡುವ ಕಡೆ ಇರುವವರು ದೂರಕ್ಕೆ ಬೀಳುವ ಕೈ ಟಾರ್ಚ್ ಬೇರೆ ಇಟ್ಟುಕೊಳ್ಳಿ. ಆನೆ ಬಂದಿದೆ ಅಂತ ಸುದ್ದಿ ಇದ್ದ ರಾತ್ರಿ ಜೆಟ್ ಹಾಗೇ ಇರಲಿ, ಹೊರಗೆ ಹೋಗಲೇಬೇಡಿ.

ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಪೇಟೆಯೊಳಗೆ ಇದ್ದು, ವರ್ಷಕ್ಕೆರಡು ಸಲ ಟೆಂಟ್ ಹಾಕುವವರಾದರೆ ಚಾರ್ಜ್ ಲ್ಯಾಂಪೇ ನಿಮಗೆ ಸರಿಯಾಗಬಹುದು. ಕರೆಂಟ್ ಬೇಗ ಬರುತ್ತದೆ, ಬೆಳಕೂ ಜಾಸ್ತಿ. ನನ್ನ ಹಾಗೆ ದಿನಾ ಕತ್ತಲಲ್ಲಿ ಕೆಲಸ ಮಾಡುವವರಿಗೆ, ಸಾವಿರ ರೂಪಾಯಿಯೊಳಗೆ ಮುಗಿಸಬೇಕು ಅನ್ನುವವರಿಗೆ ಸೆಲ್ಲಿನದು. ನನ್ನ ಚಾರ್ಜ್ ಲ್ಯಾಂಪನ್ನು ಹಾಸನದಲ್ಲಿರುವ ಅಕ್ಕನ ಮಗನಿಗೆ ಕೊಟ್ಟೆ. ಕೊಡುವಾಗ ಅಗಲ ಮೂತಿಯ ಕೇಬಲ್ ಒಂದನ್ನು ಅದರ ಪಟ್ಟಿಗೇ ದಾರದಿಂದ ಕಟ್ಟಿ ಕೊಟ್ಟಿದ್ದೇನೆ.