ಜಾಹೀರಾತು ತಿದ್ದುವ ಮೊದಲು ಎಣಿಕೆ ನೋಡಿ: ಗೂಗಲ್ ಆಡ್ಸ್‌ನಲ್ಲಿ ದುಡ್ಡು ಸೋರುವ ಬಗೆ

ಮನೆಗೇ ಬಂದು ವಾಷಿಂಗ್ ಮೆಷಿನ್ ರಿಪೇರಿ ಮಾಡಿಕೊಡುವ ಒಂದು ಸಣ್ಣ ಸಂಸ್ಥೆ, ಸರ್ಚ್ ಜಾಹೀರಾತಿನ ಕೆಲಸವನ್ನು ಒಂದು ಏಜೆನ್ಸಿಗೆ ಒಪ್ಪಿಸಿತು. ಮೂರು ತಿಂಗಳು ಬಂದ ವರದಿಗಳಲ್ಲಿ ಎಲ್ಲವೂ ಚೆನ್ನಾಗಿಯೇ ಇತ್ತು. ಕ್ಲಿಕ್ ಏರುತ್ತಿತ್ತು, ಸಿಟಿಆರ್ (ಜಾಹೀರಾತು ಕಂಡಷ್ಟು ಸಲದಲ್ಲಿ ಕ್ಲಿಕ್ ಆದ ಪಾಲು) ಏರುತ್ತಿತ್ತು, ಕನ್ವರ್ಷನ್ (ಕ್ಲಿಕ್ ಮಾಡಿದವರು ಮುಂದೆ ಮಾಡಲಿ ಎಂದು ನಾವು ಎಣಿಸುವ ಕೆಲಸ) ಏರುತ್ತಿತ್ತು, ಒಂದೊಂದು ಕನ್ವರ್ಷನ್‌ಗೆ ತಗಲುವ ಖರ್ಚು ಇಳಿಯುತ್ತಿತ್ತು, ಜಾಹೀರಾತಿಗೆ ಗೂಗಲ್ ಕೊಡುವ ಆಡ್ ಸ್ಟ್ರೆಂತ್ ಎಂಬ ಅಂಕ ‘ಎಕ್ಸಲೆಂಟ್’ ಆಗಿತ್ತು. ರಿಪೇರಿಗೆ ಹೋದ ಮನೆಗಳ ಸಂಖ್ಯೆ ಮಾತ್ರ ಇದ್ದಲ್ಲೇ ಇತ್ತು. ಬಜೆಟ್ ಹೆಚ್ಚಿಸಿ ಎಂಬ ಸಲಹೆ ಬಂತು, ಹೆಚ್ಚಿಸಿದರು, ಅದೂ ಹೋಯಿತು. ಆ ಖಾತೆಯನ್ನು ಬಿಚ್ಚಿ ನೋಡಿದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇದೇ ತಪ್ಪು ತುಂಬ ಖಾತೆಗಳಲ್ಲಿ ಸದ್ದಿಲ್ಲದೆ ಕೂತಿರುತ್ತದೆ, ಮತ್ತು ಜಾಹೀರಾತನ್ನು ತಿದ್ದಿ ತಿದ್ದಿ ಸುಧಾರಿಸಿದಷ್ಟೂ ಅದು ಬೆಳೆಯುತ್ತದೆ.

ಮೂಲ ದೋಷ ಜಾಹೀರಾತಿನ ಮಾತಿನಲ್ಲಿರಲಿಲ್ಲ, ಎಣಿಕೆಯಲ್ಲಿತ್ತು. ಖಾತೆಯಲ್ಲಿ ಮೂರು ಬಗೆಯ ಕನ್ವರ್ಷನ್ ಇಟ್ಟಿದ್ದರು: ಮೊಬೈಲ್‌ನಲ್ಲಿ ಫೋನ್ ಬಟನ್ ಒತ್ತುವುದು, ‘ಸಂಪರ್ಕಿಸಿ’ ಪುಟ ತೆರೆಯುವುದು, ಫಾರ್ಮ್ ತುಂಬಿದ ಮೇಲೆ ಧನ್ಯವಾದದ ಪುಟ ಕಾಣುವುದು. ಮೂರೂ ‘ಪ್ರೈಮರಿ’, ಎಂದರೆ ಮುಖ್ಯ ಲೆಕ್ಕಕ್ಕೂ ಬಿಡ್ಡಿಂಗ್‌ಗೂ ಸೇರುವಂಥವು. ಒಬ್ಬರು ಸಂಪರ್ಕದ ಪುಟ ತೆರೆದು, ನಂಬರ್ ಒತ್ತಿ, ಇದು ತಮಗೆ ಬೇಕಾದ ಜಾಗವಲ್ಲ ಎಂದು ಗೊತ್ತಾಗಿ ಕಟ್ ಮಾಡಿದರೂ ಲೆಕ್ಕಕ್ಕೆ ಎರಡು ಕನ್ವರ್ಷನ್ ಸೇರುತ್ತಿತ್ತು. ಧನ್ಯವಾದದ ಪುಟವನ್ನು ಗೂಗಲ್ ಆಡ್ಸ್‌ನ ಟ್ಯಾಗ್ (ಸೈಟಿನಲ್ಲಿ ಕೂರಿಸುವ ಎಣಿಕೆಯ ಕೋಡ್) ಒಮ್ಮೆ ಎಣಿಸುತ್ತಿತ್ತು, ಸೈಟಿಗೆ ಬಂದವರ ಲೆಕ್ಕವಿಡುವ ಗೂಗಲ್ ಅನಲಿಟಿಕ್ಸ್‌ನಿಂದ ಇಂಪೋರ್ಟ್ ಮಾಡಿಕೊಂಡದ್ದು ಇನ್ನೊಮ್ಮೆ ಎಣಿಸುತ್ತಿತ್ತು. ಎಣಿಕೆಯ ಆಯ್ಕೆ ‘ಎವೆರಿ’ (ಒಂದು ಕ್ಲಿಕ್‌ನಿಂದ ಆದ ಪ್ರತಿಯೊಂದನ್ನೂ ಎಣಿಸು) ಎಂದಿದ್ದರಿಂದ ಯಾರಾದರೂ ಆ ಪುಟವನ್ನು ರಿಫ್ರೆಶ್ ಮಾಡಿದರೆ ಮತ್ತೂ ಕೂಡುತ್ತಿತ್ತು.

ಬರೀ ವರದಿಯ ತಪ್ಪಾಗಿದ್ದರೆ ನಷ್ಟ ಇಷ್ಟಾಗುತ್ತಿರಲಿಲ್ಲ. ಬಿಡ್ಡಿಂಗ್, ಎಂದರೆ ಜಾಹೀರಾತಿನ ಜಾಗಕ್ಕೆ ನಡೆಯುವ ಹರಾಜಿನಲ್ಲಿ ಬೆಲೆ ಕೂಗುವುದು, ‘ಮ್ಯಾಕ್ಸಿಮೈಸ್ ಕನ್ವರ್ಷನ್ಸ್’ನಲ್ಲಿತ್ತು. ಈ ವಿಧಾನದಲ್ಲಿ ಯಾವ ಹುಡುಕಾಟಕ್ಕೆ ಎಷ್ಟು ಬಿಡ್ ಮಾಡಬೇಕೆಂದು ವ್ಯವಸ್ಥೆಯೇ ನಿರ್ಧರಿಸುತ್ತದೆ, ಮತ್ತು ಅದಕ್ಕೆ ಗೊತ್ತಿರುವುದು ನೀವು ಪ್ರೈಮರಿ ಎಂದು ಹೇಳಿದ ಎಣಿಕೆ ಮಾತ್ರ. ಫೋನ್ ಬಟನ್ ಬಲು ಬೇಗ ಒತ್ತುವವರು ಯಾರು? ಮೆಷಿನ್ ತಯಾರಿಸಿದ ಕಂಪನಿಯ ಕಸ್ಟಮರ್ ಕೇರ್ ಹುಡುಕುವವರು. ಅವರಿಗೆ ವಾರಂಟಿ ಇರುತ್ತದೆ, ಹೊರಗಿನವರ ರಿಪೇರಿ ಬೇಡ. ನಂಬರ್ ಕಂಡೊಡನೆ ಒತ್ತುತ್ತಾರೆ, ಅತ್ತಲಿಂದ ಬೇರೆ ಹೆಸರು ಕೇಳಿದೊಡನೆ ಇಟ್ಟುಬಿಡುತ್ತಾರೆ. ಅಗ್ಗಕ್ಕೆ ಕನ್ವರ್ಷನ್ ಕೊಡುವವರು ಇವರೇ ಎಂದು ಬಿಡ್ಡಿಂಗ್ ಕಲಿತು, ದುಡ್ಡನ್ನೆಲ್ಲ ಅತ್ತ ತಿರುಗಿಸಿತ್ತು.

ಬರವಣಿಗೆಯೂ ಅದೇ ದಾರಿ ಹಿಡಿಯಿತು. ಹಲವು ಹೆಡ್‌ಲೈನ್‌ಗಳ ನಡುವೆ ‘ವಾಷಿಂಗ್ ಮೆಷಿನ್ ಕಸ್ಟಮರ್ ಕೇರ್’ ಎಂಬುದಕ್ಕೆ ಕ್ಲಿಕ್ಕೂ ಹೆಚ್ಚು, ‘ಕನ್ವರ್ಷನ್ನೂ’ ಹೆಚ್ಚು. ಆದ್ದರಿಂದ ಅದನ್ನು ಗೆದ್ದದ್ದೆಂದು ಮುಂದಕ್ಕೆ ಹಾಕಿ, ‘ಡ್ರಮ್ ತಿರುಗುತ್ತಿಲ್ಲವೇ?’ ಎಂಬ ಒಳ್ಳೆಯ ಸಾಲನ್ನು ತೆಗೆದುಹಾಕಿದ್ದರು. ತಯಾರಕ ಕಂಪನಿಗೆ ಸೇರಿದವರೆಂಬ ಭಾವನೆ ಹುಟ್ಟಿಸುವ ಮಾತು ಗೂಗಲ್‌ನ ಜಾಹೀರಾತು ನಿಯಮಕ್ಕೂ ವಿರುದ್ಧ, ಖಾತೆ ಅಮಾನತಾಗುವ ಅಪಾಯವಿದೆ. ಗ್ರಾಹಕರನ್ನು ದಾರಿ ತಪ್ಪಿಸುವುದಂತೂ ಇದ್ದೇ ಇದೆ.

ಸಿಟಿಆರ್ ನೋಡಿ ಸಾಲು ಆರಿಸುವವರು ಈ ಲೆಕ್ಕವನ್ನೊಮ್ಮೆ ಹಾಕಿ ನೋಡಿ. ಎರಡು ಸಾಲುಗಳು ತಲಾ 1000 ಸಲ ಕಂಡವು ಎಂದಿಟ್ಟುಕೊಳ್ಳಿ. ಮೊದಲನೆಯದಕ್ಕೆ 90 ಕ್ಲಿಕ್, 2 ಬುಕಿಂಗ್. ಎರಡನೆಯದಕ್ಕೆ 40 ಕ್ಲಿಕ್, 4 ಬುಕಿಂಗ್. ಸಿಟಿಆರ್‌ನಲ್ಲಿ ಮೊದಲನೆಯದು ಎರಡು ಪಟ್ಟಿಗೂ ಮಿಗಿಲು. ಆದರೆ ಒಂದು ಬುಕಿಂಗ್‌ಗೆ ಅಲ್ಲಿ 45 ಕ್ಲಿಕ್‌ಗೆ ದುಡ್ಡು ಕೊಡಬೇಕು, ಇಲ್ಲಿ 10ಕ್ಕೆ. ಬೇಡದವರು ಕ್ಲಿಕ್ ಮಾಡದಂತೆ ತಡೆಯುವುದೂ ಹಣ ಕೊಟ್ಟು ಹಾಕಿಸುವ ಜಾಹೀರಾತಿನ ಕೆಲಸವೇ. ಇದನ್ನು ಮರೆತವರು ಬರೆದ ಜಾಹೀರಾತು ಎಷ್ಟು ಚೆಂದವಿದ್ದರೂ ನಷ್ಟದ್ದೇ.

ಎಣಿಕೆಯನ್ನು ಸರಿಪಡಿಸುವುದು ಹೀಗೆ. ಕನ್ವರ್ಷನ್‌ಗಳ ಪಟ್ಟಿ ತೆರೆದು ಒಂದೊಂದನ್ನೂ ನೋಡಿ. ಪುಟ ತೆರೆಯುವುದು, ಬಟನ್ ಒತ್ತುವುದು, ಇಷ್ಟು ಸೆಕೆಂಡ್ ಸೈಟಿನಲ್ಲಿ ಇರುವುದು ಇಂಥವನ್ನೆಲ್ಲ ‘ಸೆಕೆಂಡರಿ’ಗೆ ಇಳಿಸಿ. ಸೆಕೆಂಡರಿ ಆದದ್ದು ನಿಮ್ಮ ಕಣ್ಣಿಗೆ ಕಾಣುತ್ತದೆ, ಸಾಮಾನ್ಯವಾಗಿ ಬಿಡ್ಡಿಂಗ್‌ಗೆ ಹೋಗುವುದಿಲ್ಲ. ವಿಚಾರಣೆ ಅಥವಾ ಬುಕಿಂಗ್ ಎಣಿಸುವ ಕಡೆ ‘ಒನ್’ (ಒಂದು ಕ್ಲಿಕ್‌ಗೆ ಒಂದೇ ಎಣಿಕೆ) ಆರಿಸಿ. ‘ಎವೆರಿ’ ಇರಬೇಕಾದದ್ದು ಒಬ್ಬರೇ ಹಲವು ಸಲ ಕೊಂಡಾಗ ಪ್ರತಿ ಖರೀದಿಗೂ ಬೆಲೆ ಇರುವ ಅಂಗಡಿಗಳಿಗೆ, ಅಲ್ಲೂ ಪ್ರತಿ ಖರೀದಿಯನ್ನು ಗುರುತಿಸುವ ಟ್ರಾನ್ಸಾಕ್ಷನ್ ಐಡಿ ಕಳಿಸದಿದ್ದರೆ ರಿಫ್ರೆಶ್ ಮಾಡಿದ ಪುಟ ಎರಡನೇ ಖರೀದಿಯಾಗಿ ಬೀಳುತ್ತದೆ. ಒಂದೇ ಫಾರ್ಮನ್ನು ಟ್ಯಾಗ್ ಮತ್ತು ಅನಲಿಟಿಕ್ಸ್ ಎರಡೂ ಎಣಿಸುತ್ತಿದ್ದರೆ ಒಂದನ್ನು ಮಾತ್ರ ಪ್ರೈಮರಿ ಉಳಿಸಿಕೊಳ್ಳಿ.

ಜಾಹೀರಾತಿನಿಂದ ಬರುವ ಫೋನ್ ಕರೆಗಳಿಗೆ ಕನಿಷ್ಠ ಅವಧಿ ಇಡಬಹುದು. ಬದಲಾಯಿಸದಿದ್ದರೆ 60 ಸೆಕೆಂಡ್ ಇರುತ್ತದೆ. ನಿಜವಾಗಿ ಬುಕ್ ಆದ ಒಂದಿಪ್ಪತ್ತು ಕರೆಗಳು ಎಷ್ಟು ಹೊತ್ತು ನಡೆದವು ಎಂದು ಕಾಲ್ ಲಾಗ್‌ನಲ್ಲಿ ನೋಡಿ, ಅದಕ್ಕೆ ತಕ್ಕಂತೆ ಇಡಿ. ಇನ್ನೂ ಗಟ್ಟಿಯಾದ ದಾರಿ ಬೇಕೆಂದರೆ, ಕ್ಲಿಕ್‌ನ ಜೊತೆ ಬರುವ ಜಿಕ್ಲಿಡ್ ಎಂಬ ಗುರುತನ್ನು ಫಾರ್ಮಿನಲ್ಲಿ ಕಾಣದ ಒಂದು ಫೀಲ್ಡಿನಲ್ಲಿ ಹಿಡಿದಿಟ್ಟುಕೊಂಡು, ಕೆಲಸ ಮುಗಿದು ದುಡ್ಡು ಬಂದ ಮೇಲೆ ಆ ಗುರುತನ್ನೇ ಗೂಗಲ್ ಆಡ್ಸ್‌ಗೆ ಅಪ್‌ಲೋಡ್ ಮಾಡಿ. ಆಗ ಬಿಡ್ಡಿಂಗ್ ಕಲಿಯುವುದು ಬಟನ್ ಒತ್ತಿದವರಿಂದಲ್ಲ, ದುಡ್ಡು ಕೊಟ್ಟವರಿಂದ.

ಇದನ್ನು ಮಾಡಿದ ಮರುದಿನ ಕನ್ವರ್ಷನ್ ಸಂಖ್ಯೆ ದಢಾರನೆ ಬೀಳುತ್ತದೆ. ಹೆದರಿ ಹಿಂದಕ್ಕೆ ಹೋಗಬೇಡಿ, ಬಿದ್ದದ್ದು ಸುಳ್ಳು ಲೆಕ್ಕ. ಹಳೆಯ ಕೆಟ್ಟ ದಿನಗಳನ್ನು ಬಿಡ್ಡಿಂಗ್ ಗಣನೆಗೆ ತೆಗೆದುಕೊಳ್ಳದಂತೆ ‘ಡೇಟಾ ಎಕ್ಸ್‌ಕ್ಲೂಷನ್’ ಹಾಕಲು ಅವಕಾಶವಿದೆ. ಶುದ್ಧವಾದ ಕನ್ವರ್ಷನ್ ತಿಂಗಳಿಗೆ ನಾಲ್ಕಾರು ಮಾತ್ರ ಬರುವ ಖಾತೆಯಾದರೆ ಕೆಲವು ವಾರ ‘ಮ್ಯಾಕ್ಸಿಮೈಸ್ ಕ್ಲಿಕ್ಸ್’ಗೆ ಇಳಿದು, ಒಂದು ಕ್ಲಿಕ್‌ಗೆ ಗರಿಷ್ಠ ಮಿತಿ ಕಟ್ಟಿ ನಡೆಸುವುದು ಕ್ಷೇಮ. ನಾಲ್ಕಾರು ಉದಾಹರಣೆಗಳಿಂದ ಯಾವ ವ್ಯವಸ್ಥೆಯೂ ಏನನ್ನೂ ಕಲಿಯಲಾರದು. ಮತ್ತು ವಾರಕ್ಕೊಮ್ಮೆ ಕೆಲಸದ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಖಾತೆಯ ಸಂಖ್ಯೆಯನ್ನು ತಾಳೆ ನೋಡಿ. ಖಾತೆಯಲ್ಲಿ 30, ಪುಸ್ತಕದಲ್ಲಿ 8 ಎಂದು ಕಂಡರೆ ಜಾಹೀರಾತಿನ ಒಂದಕ್ಷರವನ್ನೂ ಮುಟ್ಟಬೇಡಿ, ಮೊದಲು ಎಣಿಕೆ.

ಎಣಿಕೆ ಸರಿಯಾದ ಮೇಲೆ ಸರ್ಚ್ ಟರ್ಮ್ಸ್ ರಿಪೋರ್ಟ್ ತೆರೆಯಿರಿ. ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಬೇಕೆಂದು ನೀವು ಹಾಕಿದ ಕೀವರ್ಡ್ ಬೇರೆ, ಜನ ಟೈಪ್ ಮಾಡಿದ್ದು ಬೇರೆ, ಈ ವರದಿ ತೋರಿಸುವುದು ಎರಡನೆಯದನ್ನು. ಆ ಖಾತೆಯಲ್ಲಿ ‘ವಾಷಿಂಗ್ ಮೆಷಿನ್ ರಿಪೇರಿ’ ಎಂಬ ಒಂದೇ ಬ್ರಾಡ್ ಮ್ಯಾಚ್ ಕೀವರ್ಡ್‌ನ ಕೆಳಗೆ ರಿಪೇರಿ ಕಲಿಯುವ ಕೋರ್ಸ್ ಹುಡುಕಿದವರು, ಟೆಕ್ನಿಷಿಯನ್ ಕೆಲಸ ಹುಡುಕಿದವರು, ಡ್ರೈನ್ ಪಂಪಿನ ಬೆಲೆ ಕೇಳಿದವರು, ಎರರ್ ಕೋಡಿನ ಅರ್ಥ ಕೇಳಿದವರು, ಹಳೆಯ ಮೆಷಿನ್ ಮಾರಲು ಹೊರಟವರು ಎಲ್ಲರೂ ಇದ್ದರು. ಬ್ರಾಡ್ ಮ್ಯಾಚ್ ಪದಗಳನ್ನಲ್ಲ, ವಿಷಯವನ್ನು ಹಿಡಿಯುತ್ತದೆ. ಮೊದಲು ಪದದ ಆರಂಭದಲ್ಲಿ ಪ್ಲಸ್ ಗುರುತು ಹಾಕಿ ಅದನ್ನು ಬಿಗಿ ಮಾಡಬಹುದಿತ್ತು, 2021ರಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಈಗ ಎಲ್ಲಕ್ಕಿಂತ ಬಿಗಿಯಾದ ಎಕ್ಸಾಕ್ಟ್ ಮ್ಯಾಚ್ ಕೂಡ ಅದೇ ಅರ್ಥದ ಬೇರೆ ಮಾತುಗಳಿಗೆ ಹೋಗುತ್ತದೆ. ಆದ್ದರಿಂದ ಕೀವರ್ಡ್ ಹಾಕಿ ಕೈತೊಳೆದುಕೊಳ್ಳುವ ಕಾಲ ಇದಲ್ಲ. 2020ರ ಸೆಪ್ಟೆಂಬರ್‌ನಿಂದ ಕಡಿಮೆ ಜನ ಹುಡುಕಿದ ಮಾತುಗಳನ್ನು ಈ ವರದಿ ತೋರಿಸುವುದೂ ಇಲ್ಲ, ಖರ್ಚಿನ ಒಂದು ಪಾಲು ಹೆಸರಿಲ್ಲದೆ ಹೋಗುತ್ತದೆ. ಕಂಡದ್ದನ್ನಾದರೂ ಬಿಡದೆ ತಡೆಯಬೇಕು.

ತಡೆಯುವುದು ನೆಗೆಟಿವ್ ಕೀವರ್ಡ್‌ನಿಂದ, ಎಂದರೆ ಈ ಮಾತಿದ್ದರೆ ಜಾಹೀರಾತು ಬೇಡ ಎಂದು ಹೇಳುವ ಪದದಿಂದ. ಇಲ್ಲಿ ಬಹಳ ಜನ ಎಡವುತ್ತಾರೆ, ಏಕೆಂದರೆ ನೆಗೆಟಿವ್‌ನ ಬ್ರಾಡ್ ಮ್ಯಾಚ್ ಸಾಮಾನ್ಯ ಬ್ರಾಡ್ ಮ್ಯಾಚಿನಂತೆ ಅರ್ಥ ಊಹಿಸುವುದಿಲ್ಲ. ಅಕ್ಷರ ತಪ್ಪುಗಳನ್ನು ಈಗ ಹಿಡಿಯುತ್ತದೆ, ಸಮಾನಾರ್ಥಕ ಪದವನ್ನಾಗಲಿ, ಬಹುವಚನವನ್ನಾಗಲಿ ಹಿಡಿಯುವುದಿಲ್ಲ. ‘ಕೋರ್ಸ್’ ತಡೆದರೆ ‘ತರಬೇತಿ’ ನುಗ್ಗುತ್ತದೆ. ‘ಕೆಲಸ’ ತಡೆದರೆ ‘ನೌಕರಿ’ ಬರುತ್ತದೆ. ಕನ್ನಡದಲ್ಲಿ ಹುಡುಕುವವರು ಅದೇ ಮಾತನ್ನು ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಟೈಪ್ ಮಾಡುತ್ತಾರೆ, ಎರಡನ್ನೂ ಸೇರಿಸಿ. ಎರಡು ಪದದ ಬ್ರಾಡ್ ನೆಗೆಟಿವ್ ಹಾಕಿದರೆ ಎರಡೂ ಪದ ಇರುವ ಹುಡುಕಾಟ ಮಾತ್ರ ನಿಲ್ಲುತ್ತದೆ, ಒಂದೇ ಪದವಿದ್ದರೆ ಜಾಹೀರಾತು ಕಾಣುತ್ತಲೇ ಇರುತ್ತದೆ. ಅತಿ ಮಾಡಿಯೂ ಕೆಡಿಸಿಕೊಳ್ಳಬಹುದು: ‘ಬೆಲೆ’ ಎಂಬ ಒಂದು ಪದವನ್ನು ತಡೆದರೆ ‘ರಿಪೇರಿ ಬೆಲೆ ಎಷ್ಟು’ ಎಂದು ಕೇಳುವ, ನಾಳೆಯೇ ಬುಕ್ ಮಾಡಲಿರುವ ಗ್ರಾಹಕರೂ ಹೋದರು. ಅಲ್ಲಿ ‘ಪಂಪ್ ಬೆಲೆ’ ಎಂದು ಫ್ರೇಸ್ ಮ್ಯಾಚ್‌ನಲ್ಲಿ (ಆ ಪದಗಳು ಅದೇ ಕ್ರಮದಲ್ಲಿ ಇದ್ದರೆ ಮಾತ್ರ) ತಡೆಯಬೇಕು.

ಇನ್ನು ಬರವಣಿಗೆ. 2022ರ ಜೂನ್ 30ರ ನಂತರ ಹೊಸದಾಗಿ ಬರೆಯುವ ಸಾಮಾನ್ಯ ಸರ್ಚ್ ಜಾಹೀರಾತು ಎಂದರೆ ರೆಸ್ಪಾನ್ಸಿವ್ ಸರ್ಚ್ ಆಡ್. ತಲಾ 30 ಅಕ್ಷರ ಮಿತಿಯ 15 ಹೆಡ್‌ಲೈನ್, ತಲಾ 90 ಅಕ್ಷರ ಮಿತಿಯ 4 ಡಿಸ್ಕ್ರಿಪ್ಷನ್ ಕೊಡಬಹುದು. ಒಮ್ಮೆಗೆ ಕಾಣುವುದು ಹೆಚ್ಚೆಂದರೆ 3 ಹೆಡ್‌ಲೈನ್, 2 ಡಿಸ್ಕ್ರಿಪ್ಷನ್. ಪಿನ್ ಮಾಡದಿದ್ದರೆ, ಎಂದರೆ ಸಾಲನ್ನು ಒಂದು ಸ್ಥಾನಕ್ಕೆ ಕಟ್ಟಿಹಾಕದಿದ್ದರೆ, ಯಾವುದರ ಪಕ್ಕ ಯಾವುದು ಎಂಬುದು ನಿಮ್ಮ ಕೈಯಲ್ಲಿಲ್ಲ. ಆ ಖಾತೆಯಲ್ಲಿ ‘ಪರಿಣತರಿಂದ ರಿಪೇರಿ’, ‘ಅನುಭವಿಗಳಿಂದ ರಿಪೇರಿ’, ‘ನುರಿತವರಿಂದ ರಿಪೇರಿ’ ಮೂರೂ ಇದ್ದವು, ಮೂರೂ ಒಟ್ಟಿಗೆ ಸಾಲಾಗಿ ನಿಂತದ್ದೂ ಉಂಟು. ಹುಡುಕುವವರಿಗೆ ಗೊತ್ತಾದ ಸಂಗತಿ ಒಂದೇ, ಅದೂ ಎಲ್ಲರೂ ಹೇಳುವಂಥದ್ದು.

ಸಾಲುಗಳನ್ನು ಹೀಗೆ ಹಂಚಿಕೊಳ್ಳಿ. ಕೆಲವು ಸಾಲು ತೊಂದರೆಯನ್ನೇ ಹೆಸರಿಸಲಿ: ನೀರು ಹೊರಹೋಗುತ್ತಿಲ್ಲ, ಡ್ರಮ್ ತಿರುಗುತ್ತಿಲ್ಲ, ಬಾಗಿಲು ತೆರೆಯುತ್ತಿಲ್ಲ. ಕೆಲವು ಸಾಲು ನೀವು ಯಾರು ಎಂಬುದನ್ನು ನೇರವಾಗಿ ಹೇಳಲಿ: ‘ವಾರಂಟಿ ಮುಗಿದ ಮೆಷಿನ್‌ಗೆ’ ಎಂಬ ಒಂದೇ ಮಾತು ಕಸ್ಟಮರ್ ಕೇರ್ ಹುಡುಕುವವರನ್ನು ಆಚೆಗೇ ನಿಲ್ಲಿಸುತ್ತದೆ. ಕೆಲವು ಸಾಲು ಷರತ್ತು ಹೇಳಲಿ: ನೋಡಲು ಬರುವುದಕ್ಕೂ ಚಾರ್ಜ್ ಇದೆ, ಮನೆಯಲ್ಲೇ ರಿಪೇರಿ, ಬಿಡಿಭಾಗಕ್ಕೆ ಬೇರೆ ಬಿಲ್. ಷರತ್ತಿನ ಸಾಲನ್ನು ಪಿನ್ ಮಾಡಿ, ಇಲ್ಲವಾದರೆ ಅದು ಕಾಣದೆಯೇ ಹೋಗಬಹುದು. ಪಿನ್ ಮಾಡುವಾಗ ಒಂದೇ ಸ್ಥಾನಕ್ಕೆ ಎರಡು ಮೂರು ಸಾಲು ಕೊಟ್ಟರೆ ಬದಲಾಯಿಸಲು ಅವಕಾಶ ಉಳಿಯುತ್ತದೆ. ಆಡ್ ಸ್ಟ್ರೆಂತ್ ಇಳಿಯುತ್ತದೆ, ಇಳಿಯಲಿ. ಅದು ಸಾಲುಗಳ ಸಂಖ್ಯೆ ಮತ್ತು ವೈವಿಧ್ಯ ನೋಡಿ ಕೊಡುವ ಅಂಕ, ಹರಾಜಿನಲ್ಲಿ ನೇರವಾಗಿ ಬಳಕೆಯಾಗುವುದಿಲ್ಲ. ಮತ್ತು ಜಾಹೀರಾತಿನಲ್ಲಿ ಹೇಳಿದ ಮಾತು ಕ್ಲಿಕ್ ಮಾಡಿದಾಗ ತೆರೆಯುವ ಲ್ಯಾಂಡಿಂಗ್ ಪೇಜಿನ ಮೊದಲ ಪರದೆಯಲ್ಲೇ ಇರಬೇಕು. ‘ಬಾಗಿಲು ತೆರೆಯುತ್ತಿಲ್ಲವೇ’ ಎಂದು ಕರೆದು ಎಲ್ಲ ಉಪಕರಣಗಳ ರಿಪೇರಿಯ ಮುಖಪುಟಕ್ಕೆ ಇಳಿಸಿದರೆ ಬಂದವರು ಬಂದ ಹಾಗೇ ಹೋಗುತ್ತಾರೆ.

ಯಾವ ಸಾಲು ಮೇಲು ಎಂದು ತೀರ್ಮಾನಿಸಲು ಅವಸರ ಬೇಡ. ಒಂದಕ್ಕೆ 6 ಬುಕಿಂಗ್, ಇನ್ನೊಂದಕ್ಕೆ 9 ಬಂದರೆ ವರದಿಯಲ್ಲಿ ‘ಶೇ. 50 ಹೆಚ್ಚು’ ಎಂದು ಬರೆಯುತ್ತಾರೆ. 15 ಸಲ ನಾಣ್ಯ ಚಿಮ್ಮಿದರೆ 9-6 ಆಗಿ ಬೀಳುವುದು ತೀರ ಸಾಮಾನ್ಯ. ಅಲ್ಲದೆ ಒಂದೇ ಗುಂಪಿನ ಎರಡು ಜಾಹೀರಾತುಗಳನ್ನು ವ್ಯವಸ್ಥೆ ಸಮನಾಗಿ ತೋರಿಸುವುದಿಲ್ಲ, ತನಗೆ ಮೆಚ್ಚಿದ್ದನ್ನೇ ಹೆಚ್ಚು ತೋರಿಸುತ್ತದೆ. ನ್ಯಾಯವಾಗಿ ಹೋಲಿಸಲು ಎಕ್ಸ್‌ಪೆರಿಮೆಂಟ್ಸ್‌ನಲ್ಲಿ ಅರ್ಧ-ಅರ್ಧ ಹಂಚಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ನಡುವೆ ಬಜೆಟ್ಟನ್ನೂ ಬಿಡ್ಡಿಂಗನ್ನೂ ಮುಟ್ಟದೆ ಬಿಡಿ.

ಬದಲಾವಣೆಗಳ ದಾಖಲೆಯಾದ ಖಾತೆಯ ಚೇಂಜ್ ಹಿಸ್ಟರಿ ತೆರೆದಾಗ ಯಾರೂ ಮಾಡದ ಬದಲಾವಣೆಗಳು ಕಂಡವು. ಗೂಗಲ್‌ನ ಸಲಹೆಗಳನ್ನು (ರೆಕಮೆಂಡೇಶನ್) ಕೇಳದೆಯೇ ಜಾರಿ ಮಾಡುವ ‘ಆಟೋ ಅಪ್ಲೈ’ ಆನ್ ಆಗಿತ್ತು, ಕೀವರ್ಡ್‌ಗಳನ್ನು ತಾನೇ ಸೇರಿಸುತ್ತಿತ್ತು. ಅದನ್ನು ಆಫ್ ಮಾಡಿ. ಖಾತೆಗೆ ಗೂಗಲ್ ಕೊಡುವ ಆಪ್ಟಿಮೈಸೇಶನ್ ಸ್ಕೋರ್ ಶೇ. 100 ಆಗಬೇಕೆಂದು ಯಾರಾದರೂ ಒತ್ತಾಯಿಸಿದರೆ ಇದನ್ನು ನೆನಪಿಡಿ: ಸಲಹೆಯನ್ನು ತಿರಸ್ಕರಿಸಿದರೂ ಆ ಅಂಕ ಏರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಪಾರ್ಟ್‌ನರ್ಸ್ (ಗೂಗಲ್ ಜೊತೆ ಸೇರಿದ ಬೇರೆ ಹುಡುಕಾಟದ ತಾಣಗಳು) ಮತ್ತು ಡಿಸ್ಪ್ಲೇ ನೆಟ್‌ವರ್ಕ್ (ಜಾಹೀರಾತು ಹಾಕುವ ಇತರ ಸೈಟು, ಆ್ಯಪ್‌ಗಳು) ಎರಡಕ್ಕೂ ಮೊದಲೇ ಟಿಕ್ ಇರುತ್ತದೆ, ಸರ್ಚ್‌ಗೆಂದು ಇಟ್ಟ ದುಡ್ಡಾದರೆ ತೆಗೆಯಿರಿ. ಸ್ಥಳದ ಆಯ್ಕೆ ‘ಪ್ರೆಸೆನ್ಸ್ ಆರ್ ಇಂಟರೆಸ್ಟ್’ ಇದ್ದರೆ ಆ ಊರಿನ ಬಗ್ಗೆ ಹುಡುಕಿದ ಬೇರೆ ಊರಿನವರಿಗೂ ಜಾಹೀರಾತು ಕಾಣುತ್ತದೆ, ಮನೆಗೆ ಹೋಗಿ ಮಾಡುವ ಕೆಲಸಕ್ಕೆ ‘ಪ್ರೆಸೆನ್ಸ್’ ಮಾತ್ರ ಇರಲಿ. ದಿನದ ಬಜೆಟ್ ಎಂದು ಬರೆದದ್ದರ ಎರಡು ಪಟ್ಟು ಒಂದು ದಿನ ಖರ್ಚಾಗಬಹುದು, ತಿಂಗಳಿಗೆ ಅದರ 30.4 ಪಟ್ಟು ದಾಟುವುದಿಲ್ಲ. ಒಂದು ವಾರದ ಮಟ್ಟಿಗೆ ಮಾತ್ರ ಜಾಹೀರಾತು ಓಡಿಸುವವರು ಇದನ್ನು ಗಮನದಲ್ಲಿಡಬೇಕು.

ಕೊನೆಯದಾಗಿ ಏಜೆನ್ಸಿಯ ವಿಷಯ. ಆ ಸಂಸ್ಥೆ ಒಪ್ಪಂದ ಮುರಿಯಲು ಹೊರಟಾಗ ಖಾತೆಯೇ ತಮ್ಮ ಹೆಸರಿನಲ್ಲಿಲ್ಲ ಎಂದು ಗೊತ್ತಾಯಿತು. ಸರ್ಚ್ ಟರ್ಮ್ಸ್, ಕನ್ವರ್ಷನ್ ಇತಿಹಾಸ, ನೆಗೆಟಿವ್ ಪಟ್ಟಿ ಎಲ್ಲ ಅಲ್ಲೇ ಉಳಿದವು, ಹೊಸ ಖಾತೆಯಲ್ಲಿ ಮೊದಲಿಂದ ಶುರುಮಾಡಬೇಕಾಯಿತು. ಕೆಲಸ ಒಪ್ಪಿಸುವ ದಿನವೇ ಖಾತೆಯನ್ನು ನಿಮ್ಮ ಇಮೇಲ್‌ನಲ್ಲಿ ನೀವೇ ತೆರೆದು, ಬಿಲ್ಲಿಂಗ್ ನಿಮ್ಮ ಹೆಸರಲ್ಲಿಟ್ಟು, ಏಜೆನ್ಸಿಯು ಹಲವು ಗ್ರಾಹಕರ ಖಾತೆ ನೋಡಿಕೊಳ್ಳುವ ಮ್ಯಾನೇಜರ್ ಖಾತೆಯಿಂದ ಲಿಂಕ್ ಕೋರಿಕೆ ಬಂದಾಗ ಒಪ್ಪಿಕೊಳ್ಳಿ. ಅಡ್ಮಿನ್ ಹಕ್ಕು ನಿಮ್ಮಲ್ಲೇ ಇದ್ದರೆ ಆ ಲಿಂಕನ್ನು ಯಾವಾಗ ಬೇಕಾದರೂ ತೆಗೆಯಬಹುದು. ತಿಂಗಳ ವರದಿಯಲ್ಲಿ ಪಿಡಿಎಫ್ ಜೊತೆಗೆ ಮೂರು ಸಂಗತಿ ಕೇಳಿ ಪಡೆಯಿರಿ: ಪ್ರೈಮರಿ ಕನ್ವರ್ಷನ್‌ಗಳ ಪಟ್ಟಿ, ಹೆಚ್ಚು ಖರ್ಚಾದ 50 ಸರ್ಚ್ ಟರ್ಮ್‌ಗಳು, ಆ ತಿಂಗಳ ಚೇಂಜ್ ಹಿಸ್ಟರಿ. ಖಾತೆ ತೆರೆದಿದ್ದರೆ ಈ ಮೂರನ್ನೂ ಡೌನ್‌ಲೋಡ್ ಮಾಡಲು ಹತ್ತು ನಿಮಿಷ ಸಾಕು.