ಅಲಾರಂ ಮಾನಿಟರಿಂಗ್ ಸೇವೆ: ಟೆಕ್ನಿಷಿಯನ್‌ಗೆ ಪೂರ್ತಿ ಅಂಕ, ಕಂಟ್ರೋಲ್ ರೂಮಿಗೆ ಅರ್ಧ

ದಾವಣಗೆರೆಯ ನಮ್ಮ ಹಾರ್ಡ್‌ವೇರ್ ಅಂಗಡಿಗೆ ಮಾನಿಟರಿಂಗ್ ಇರುವ ಅಲಾರಂ ಹಾಕಿಸಿದ್ದೇವೆ. ಅಂದರೆ ಅಂಗಡಿಗೆ ಕಳ್ಳ ನುಗ್ಗಿದರೆ ಅಲಾರಂನ ಪ್ಯಾನೆಲ್ (ಮುಖ್ಯ ಪೆಟ್ಟಿಗೆ) ಸಿಮ್ ಅಥವಾ ಇಂಟರ್ನೆಟ್ ಮೂಲಕ ಕಂಪನಿಯ ಕಂಟ್ರೋಲ್ ರೂಮಿಗೆ ಸಿಗ್ನಲ್ ಕಳಿಸಬೇಕು. ಕಂಪನಿ ಹೆಸರು ಬೇಡ. ಇಂಥ ಸೇವೆ ತಗೊಳ್ಳುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಸೈರನ್ ಜೋರಾಗಿದೆ, ಸೆನ್ಸರ್‌ಗಳೂ ಚೆನ್ನಾಗಿವೆ. ತೊಂದರೆ ಇದ್ದದ್ದು ಸಿಗ್ನಲ್‌ನಲ್ಲಿ. ಬೆಳಿಗ್ಗೆ ಶಟರ್ ಎತ್ತಿದರೆ ಪ್ಯಾನೆಲ್ ಮೇಲೆ ಹಳದಿ ದೀಪ, 'ಕಮ್ಯುನಿಕೇಶನ್ ಫೇಲ್'. ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತಿತ್ತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ 'ರೀಸ್ಟಾರ್ಟ್ ಮಾಡಿ ಸರ್' ಅನ್ನುತ್ತಿದ್ದರು, ಹಗಲಲ್ಲಿ ಟೆಸ್ಟ್ ಸಿಗ್ನಲ್ ಸರಿಯಾಗಿ ಹೋಗುತ್ತಿತ್ತು, ಅಷ್ಟಕ್ಕೇ ಕಂಪ್ಲೇಂಟ್ ಕ್ಲೋಸ್ ಮಾಡುತ್ತಿದ್ದರು.

ಕೊನೆಗೆ ಬಂದ ಟೆಕ್ನಿಷಿಯನ್ ಹುಡುಗ ಬಂಗಾರ. ಪ್ಯಾನೆಲ್ ಮುಟ್ಟುವ ಮೊದಲೇ 'ರಾತ್ರಿ ಹೇಗೆ ಮುಚ್ಚುತ್ತೀರೋ ಹಾಗೇ ಮುಚ್ಚಿ, ನಾನು ಒಳಗಿರುತ್ತೇನೆ' ಅಂದ. ನಾನೂ ಒಳಗೇ ನಿಂತೆ. ಶಟರ್ ಕೆಳಗಿಳಿದ ತಕ್ಷಣ ಮೊಬೈಲ್ ಸಿಗ್ನಲ್ ನಾಲ್ಕು ಕಡ್ಡಿಯಿಂದ ಒಂದಕ್ಕೆ ಬಂತು, ಆಮೇಲೆ ಅದೂ ಹೋಯಿತು. ಪ್ಯಾನೆಲ್ ಕೂರಿಸಿದ್ದೇ ಕಬ್ಬಿಣದ ರ‍್ಯಾಕ್ ಹಿಂದೆ, ಮುಂದೆ ಕಬ್ಬಿಣದ ಶಟರ್, ಸಿಗ್ನಲ್ ಬರಬೇಕು ಎಲ್ಲಿಂದ? ಸರಿ, ಇಂಟರ್ನೆಟ್ ದಾರಿಯಾದರೂ ಇರಬೇಕಿತ್ತಲ್ವಾ? ಅದನ್ನೂ ಅವನೇ ಹಿಡಿದ. ಇನ್‌ಸ್ಟಾಲ್ ಮಾಡಿದವರು ರೌಟರ್‌ನ ಪ್ಲಗ್ಗನ್ನು ಲೈಟು ಫ್ಯಾನುಗಳ ಲೈನಿಗೆ ಕೊಟ್ಟಿದ್ದರು, ಅಂಗಡಿ ಮುಚ್ಚುವಾಗ ಆ ಲೈನ್ ಆಫ್. ಅಂದರೆ ಕಳ್ಳ ಬರುವ ಹೊತ್ತಿಗೇ ಎರಡೂ ದಾರಿ ಬಂದ್!

ಉದ್ದ ಕೇಬಲ್ ಹಾಕಿ ಆಂಟೆನಾವನ್ನು ಹಿಂದಿನ ವೆಂಟಿಲೇಟರ್ ಹತ್ತಿರ ತಂದ. ರೌಟರ್‌ಗೆ ಬೇರೆ ಲೈನ್ ಕೊಟ್ಟ, ಕರೆಂಟ್ ಹೋದರೂ ನಡೆಯಲಿ ಅಂತ ಸಣ್ಣ ಯುಪಿಎಸ್ ಜೋಡಿಸಿದ. ಪ್ಯಾನೆಲ್‌ನ 12 ವೋಲ್ಟ್ ಬ್ಯಾಟರಿಯನ್ನೂ ಅಳೆದು ನೋಡಿದ. ಮತ್ತೆ ಶಟರ್ ಹಾಕಿಸಿದಾಗ ಮೂರು ಕಡ್ಡಿ ಸಿಗ್ನಲ್. ಆಮೇಲೆ ಬೇಕಂತಲೇ ರೌಟರ್ ಆಫ್ ಮಾಡಿ, ಸಿಮ್ ಮೂಲಕ ಅಲಾರಂ ಹೋಯಿತಾ ಅಂತ ಕಂಟ್ರೋಲ್ ರೂಮಿಗೇ ಫೋನ್ ಮಾಡಿ ಖಾತ್ರಿ ಮಾಡಿಕೊಂಡ.

ನನಗೆ ಸಿಟ್ಟಿರುವುದು ಕಂಟ್ರೋಲ್ ರೂಮಿನ ಮೇಲೆ. ನಮ್ಮ ಪ್ಯಾನೆಲ್ 24 ಗಂಟೆಗೆ ಒಂದೇ ಸಲ 'ನಾನಿದ್ದೇನೆ' ಅಂತ ಟೆಸ್ಟ್ ಸಿಗ್ನಲ್ ಕಳಿಸುವ ಹಾಗೆ ಸೆಟ್ ಮಾಡಿದ್ದರು, ಅದೂ ಮಧ್ಯಾಹ್ನ. ರಾತ್ರಿಯೆಲ್ಲಾ ಸಂಪರ್ಕ ಇಲ್ಲದಿದ್ದರೂ ಅವರಿಗೆ ಗೊತ್ತಾಗುವುದೇ ಇಲ್ಲ. ತಿಂಗಳು ತಿಂಗಳು ದುಡ್ಡು ಕೊಡುವುದು ಇದಕ್ಕಾ? ಜಗಳ ಮಾಡಿದ ಮೇಲೆ ಆ ಅವಧಿ ಕಡಿಮೆ ಮಾಡಿದರು. ಈಗ ಲಿಂಕ್ ಹೋದರೆ ರಾತ್ರಿಯೇ ಫೋನ್ ಬರುತ್ತದೆ.

ಹೊಸದಾಗಿ ತಗೊಳ್ಳುವವರು ಟೆಸ್ಟ್ ಸಿಗ್ನಲ್ ಎಷ್ಟು ಹೊತ್ತಿಗೊಮ್ಮೆ, ತಪ್ಪಿದರೆ ಯಾರಿಗೆ ಫೋನ್ ಅನ್ನುವುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಸಿಮ್ ರೀಚಾರ್ಜ್ ಯಾರ ಹೊಣೆ ಅಂತಲೂ ಕೇಳಿ. 2ಜಿ ಮಾತ್ರ ಇರುವ ಹಳೇ ಮಾಡೆಲ್ ಕೊಟ್ಟರೆ ಬೇಡ ಅನ್ನಿ, ಅದರಲ್ಲಿ ಜಿಯೋ ಸಿಮ್ ನಡೆಯುವುದೇ ಇಲ್ಲ. ಫಿಟ್ಟಿಂಗ್ ಮುಗಿದ ದಿನ ಶಟರ್ ಹಾಕಿಸಿ ಟೆಸ್ಟ್ ಮಾಡಿಸದೆ ಬಿಲ್‌ಗೆ ಸಹಿ ಹಾಕಬೇಡಿ.